ಗೃಹಾಧಾರಿತ ಸಿದ್ಧ ಉಡುಪು ಕೆಲಸ: ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಅರ್ಜಿದಾರರ ಗಮನಕ್ಕೆ ಒಂದು ವಿಶ್ಲೇಷಣೆ

ಪೀಠಿಕೆ

2020ರ ಮಾರ್ಚ್ ತಿಂಗಳಿನ ದಿಗ್ಬಂಧನದ ತರುವಾಯ "ಮನೆಯಿಂದಲೇ ಕೆಲಸ" ಎಂಬ ಮಾತು ರಾಜ್ಯದಲ್ಲಿ ಸರ್ವೇಸಾಮಾನ್ಯವಾಯಿತು. ಉಡುಪು ಉದ್ಯಮದಲ್ಲಿಯೂ ವಿನ್ಯಾಸಕಾರರು, ಮಾದರಿ ನಕ್ಷೆ ತಯಾರಿಸುವವರು ಮತ್ತು ಖರೀದಿದಾರರೊಡನೆ ಪತ್ರವ್ಯವಹಾರ ನಡೆಸುವವರು ಗಣಕಯಂತ್ರದ ಮೂಲಕ ಮನೆಯಲ್ಲಿಯೇ ಕರ್ತವ್ಯ ನಿರ್ವಹಿಸುವ ಪದ್ಧತಿ ರೂಢಿಗೆ ಬಂದಿತು. ಆದರೆ ಇದೇ ಉದ್ಯಮದಲ್ಲಿ ಮನೆಯಿಂದ ಕೆಲಸ ಮಾಡುವ ಮತ್ತೊಂದು ವರ್ಗವು ಗಣಕಯಂತ್ರಕ್ಕಿಂತ ಬಹಳ ಹಿಂದಿನಿಂದಲೂ ಇದೆ. ಗುತ್ತಿಗೆದಾರರಿಂದ ಅಥವಾ ಬಟ್ಟೆ ಅಂಗಡಿಯಿಂದ ಕತ್ತರಿಸಿದ ಬಟ್ಟೆಯ ಗಂಟನ್ನು ತಂದು, ಮನೆಯ ಜಗಲಿಯಲ್ಲಿ ಹೊಲಿದು, ನಗವೊಂದಕ್ಕೆ ಇಂತಿಷ್ಟು ಎಂದು ಮಜೂರಿ ಪಡೆಯುವ ಮಹಿಳೆಯರೇ ಈ ವರ್ಗದವರು.

ಮೊದಲನೆಯ ವರ್ಗದವರ ಬಳಿ ನೇಮಕಾತಿ ಪತ್ರ, ವೇತನ ಚೀಟಿ ಹಾಗೂ ಭವಿಷ್ಯ ನಿಧಿ ಸಂಖ್ಯೆ ಇರುತ್ತವೆ. ಕೆಲಸದ ಸ್ಥಳ ಬದಲಾದರೂ ಅವರ ಕಾನೂನುಬದ್ಧ ಸ್ಥಾನ ಬದಲಾಗುವುದಿಲ್ಲವಾದ್ದರಿಂದ ಅವರ ವಿಷಯವನ್ನು ಇಲ್ಲಿ ವಿಸ್ತರಿಸಿಲ್ಲ. ಎರಡನೆಯ ವರ್ಗದವರ ಬಳಿ ಸಾಮಾನ್ಯವಾಗಿ ಯಾವುದೇ ಕಾಗದವಿರುವುದಿಲ್ಲ. ಸರ್ಕಾರದ ಸೌಲಭ್ಯಕ್ಕೆ ಅರ್ಜಿ ಸಲ್ಲಿಸುವಾಗ ಅವರು ಯಾವ ವೃತ್ತಿಯನ್ನು ನಮೂದಿಸುತ್ತಾರೆಯೋ ಅದೇ ಅವರ ಮೊದಲ ದಾಖಲೆಯಾಗುತ್ತದೆ. ಈ ಕಾರಣದಿಂದ ಅರ್ಜಿಯ ಆ ಒಂದು ಅಂಕಣಕ್ಕೆ, ಕೊಡಲಾಗುತ್ತಿರುವುದಕ್ಕಿಂತ ಹೆಚ್ಚಿನ ಮಹತ್ವವಿದೆ.

ಕರಾವಳಿಯ ಸ್ಥಿತಿ

ಉತ್ತರ ಕನ್ನಡ ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೆ ಬಟ್ಟೆಯ ವ್ಯವಹಾರ ಹೊಸದಲ್ಲ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಸಾಗುತ್ತಿದ್ದಿತು. ಆ ಬಂದರಿನ ಹೆಸರೇ ಹತ್ತಿಯ ಒಂದು ದೇಶೀ ತಳಿಗೆ ವ್ಯಾಪಾರದ ಹೆಸರಾಗಿ ನಿಂತಿತು. ರೈಲು ಮಾರ್ಗವು ಆ ಸರಕನ್ನು ಮಾರ್ಮಗೋವಾ ಬಂದರಿನತ್ತ ತಿರುಗಿಸಿದ ಮೇಲೆ ಕುಮಟಾದ ಹತ್ತಿ ವ್ಯಾಪಾರವು ಇಳಿಮುಖವಾಯಿತು. ಗಮನಿಸತಕ್ಕ ಅಂಶವೆಂದರೆ, ಕುಮಟಾದ ಹೆಸರು ಹೊತ್ತ ಆ ಹತ್ತಿಯನ್ನು ಕುಮಟಾದಲ್ಲಿ ಬೆಳೆಯುತ್ತಲೂ ಇರಲಿಲ್ಲ, ನೂಲುತ್ತಲೂ ಇರಲಿಲ್ಲ.

ಇಂದಿಗೂ ಬೆಂಗಳೂರಿನಲ್ಲಿರುವಂತಹ ದೊಡ್ಡ ಸಿದ್ಧ ಉಡುಪು ಕಾರ್ಖಾನೆಗಳ ಸಾಲು ಈ ತೀರದಲ್ಲಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲ್ವೆ ಎರಡೂ ಈ ಮೂರು ಪಟ್ಟಣಗಳನ್ನು ಜೋಡಿಸಿದ್ದರೂ ಹೊಲಿಗೆಯು ಮುಖ್ಯವಾಗಿ ಅಂಗಡಿ ಮತ್ತು ಮನೆಯ ಕೆಲಸವಾಗಿಯೇ ಉಳಿದಿದೆ. ಸೀರೆಗೆ ಫಾಲ್ ಮತ್ತು ಪಿಕೋ, ರವಿಕೆಗೆ ಹುಕ್ಕು, ಅಂಗಿಗೆ ಕಾಜಾ-ಗುಂಡಿ, ನೈಟಿ, ಶಾಲಾ ಸಮವಸ್ತ್ರ, ಆರಿ ಕಸೂತಿ ಮುಂತಾದವು ಇದರಲ್ಲಿ ಸೇರುತ್ತವೆ. ಬೇಡಿಕೆಯು ಋತುಮಾನವನ್ನು ಅವಲಂಬಿಸಿರುತ್ತದೆ. ಭಟ್ಕಳದಲ್ಲಿ ರಂಜಾನ್ ತಿಂಗಳ ಕೊನೆಯ ದಿನಗಳು, ಎಲ್ಲೆಡೆ ಮದುವೆಯ ದಿನಗಳು ಹಾಗೂ ಶಾಲೆ ಆರಂಭವಾಗುವ ಜೂನ್ ತಿಂಗಳು ಕೆಲಸ ಹೆಚ್ಚಿರುವ ಕಾಲ. ಜೂನ್ ತಿಂಗಳೆಂದರೆ ಕರಾವಳಿಯಲ್ಲಿ ಮಳೆಯೂ ಹೌದು, ವಿದ್ಯುತ್ ಅಡಚಣೆಯೂ ಹೌದು. ಮೋಟಾರು ನಿಂತು ಹೊಲಿಗೆ ತಡವಾದಲ್ಲಿ ಅದರ ನಷ್ಟವನ್ನು ಗುತ್ತಿಗೆದಾರನಲ್ಲ, ಹೊಲಿಯುವವಳೇ ಭರಿಸುತ್ತಾಳೆ. ಯಂತ್ರ, ದಾರ, ಸೂಜಿ, ಎಣ್ಣೆ ಮತ್ತು ಸ್ಥಳ ಇವೆಲ್ಲವೂ ಆಕೆಯವೇ. ಕಾರ್ಖಾನೆಯ ವೆಚ್ಚದ ಒಂದು ಭಾಗವು ಹೀಗೆ ಸದ್ದಿಲ್ಲದೆ ಮನೆಗೆ ವರ್ಗಾವಣೆಯಾಗಿರುವುದನ್ನು ನಗದ ದರವನ್ನು ಒಪ್ಪಿಕೊಳ್ಳುವ ಮುನ್ನ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯ.

ಬೀಡಿ ಮತ್ತು ಬಟ್ಟೆ

ಮನೆಯಲ್ಲಿ ಕುಳಿತು ಮಾಡುವ ಕೆಲಸಕ್ಕೆ ಕಾನೂನಿನ ರಕ್ಷಣೆ ದೊರಕುವುದಿಲ್ಲವೆಂಬ ಭಾವನೆ ವ್ಯಾಪಕವಾಗಿದೆ. ಅದು ಸರಿಯಲ್ಲ ಎಂಬುದಕ್ಕೆ ದಕ್ಷಿಣ ಕನ್ನಡದ ಬೀಡಿ ಉದ್ಯಮವೇ ನಿದರ್ಶನ. ಅಲ್ಲಿ ಎಲೆ ಮತ್ತು ತಂಬಾಕನ್ನು ಮನೆಗೆ ಕೊಂಡೊಯ್ದು ಬೀಡಿ ಕಟ್ಟುವ ಮಹಿಳೆಯರನ್ನು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಕಾರ್ಮಿಕರೆಂದೇ ಪರಿಗಣಿಸಿತು. ಸದರಿ ಕಾಯ್ದೆಯನ್ನು ಪ್ರಶ್ನಿಸಿದ ಉದ್ಯಮಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯ ನಿಧಿ ಅನ್ವಯಿಸುತ್ತದೆ ಎಂದು ತೀರ್ಪಿತ್ತಿತು. ಆ ಮಹಿಳೆಯ ಕೈಯಲ್ಲಿ ಪಾಸ್ ಪುಸ್ತಕವಿರುವುದಕ್ಕೆ ಇದೇ ಹಿನ್ನೆಲೆ. ಅದೇ ತೀರದಲ್ಲಿ ಬಟ್ಟೆ ಹೊಲಿಯುವ ಮಹಿಳೆಯ ಬಳಿ ಅಂತಹ ಪುಸ್ತಕವಿಲ್ಲ. ಕೆಲಸದ ಸ್ವರೂಪದಲ್ಲಿ ಇಬ್ಬರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಒಬ್ಬರಿಗೆ 2025ರವರೆಗೆ ಪ್ರತ್ಯೇಕ ಕಾಯ್ದೆಯಿದ್ದು, ದೀರ್ಘಕಾಲದ ಸಂಘಟನೆಯೂ ಇದ್ದು, ಇನ್ನೊಬ್ಬರಿಗೆ ಎರಡೂ ಇಲ್ಲದಿರುವುದರಲ್ಲಿ.

ಹೊಲಿಗೆಯ ಬಗ್ಗೆಯೂ ನ್ಯಾಯಾಲಯದ ತೀರ್ಪುಗಳಿಲ್ಲದೆ ಇಲ್ಲ. 1973ರ ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ದರ್ಜಿಗಳಿಗೆ ನಗದ ಲೆಕ್ಕದಲ್ಲಿ ಮಜೂರಿ ಸಲ್ಲುತ್ತಿದ್ದಿತು. ಕೆಲವೊಮ್ಮೆ ಅವರು ಬಟ್ಟೆಯನ್ನು ಮನೆಗೊಯ್ದು ಹೊಲಿಯುತ್ತಲೂ ಇದ್ದರು. ಆದಾಗ್ಯೂ ಅವರು ಅಂಗಡಿಯ ಉದ್ಯೋಗಿಗಳೇ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಹೊಲಿಗೆ ಸರಿಯಿಲ್ಲವೆಂದು ತಿರಸ್ಕರಿಸುವ ಮತ್ತು ಮರಳಿ ಹೊಲಿಯುವಂತೆ ಸೂಚಿಸುವ ಅಧಿಕಾರ ಮಾಲೀಕನಿಗಿದ್ದುದು ಇಲ್ಲಿ ಮುಖ್ಯ ಆಧಾರವಾಯಿತು. ಆ ಪ್ರಕರಣದಲ್ಲಿ ಹೊಲಿಗೆ ಯಂತ್ರಗಳು ಅಂಗಡಿಯವಾಗಿದ್ದವು ಎಂಬುದನ್ನೂ ಮರೆಯುವಂತಿಲ್ಲ. ಯಂತ್ರವು ತನ್ನದೇ ಆಗಿರುವ ಮಹಿಳೆಗೆ ಈ ತೀರ್ಪು ಸಹಾಯಕವಾಗಬಹುದೇ ಹೊರತು ಪೂರ್ಣ ಉತ್ತರವಾಗಲಾರದು.

2025ರ ನವೆಂಬರ್ ನಂತರದ ಬದಲಾವಣೆ

ನಾಲ್ಕು ಕಾರ್ಮಿಕ ಸಂಹಿತೆಗಳು ದಿನಾಂಕ 21-11-2025 ರಿಂದ ಜಾರಿಗೆ ಬಂದಿರುತ್ತವೆ. ಗೃಹಾಧಾರಿತ ಕಾರ್ಮಿಕರ ದೃಷ್ಟಿಯಿಂದ ಇವುಗಳಲ್ಲಿ ಒಂದು ಲಾಭವೂ ಒಂದು ಕೊರತೆಯೂ ಕಂಡುಬರುತ್ತವೆ.

ಲಾಭವೆಂದರೆ, 2020ರ ಸಾಮಾಜಿಕ ಭದ್ರತಾ ಸಂಹಿತೆಯು ಗೃಹಾಧಾರಿತ ಕಾರ್ಮಿಕರನ್ನು ಪ್ರತ್ಯೇಕವಾಗಿ ವ್ಯಾಖ್ಯಾನಿಸಿದೆ. ಉದ್ಯೋಗದಾತನಿಗಾಗಿ ತನ್ನ ಮನೆಯಲ್ಲಿ ಅಥವಾ ತಾನು ಆರಿಸಿಕೊಂಡ ಬೇರೆ ಸ್ಥಳದಲ್ಲಿ, ಸಂಭಾವನೆಗೆ ಪ್ರತಿಯಾಗಿ ಸರಕು ಅಥವಾ ಸೇವೆಯನ್ನು ಉತ್ಪಾದಿಸುವ ವ್ಯಕ್ತಿಯು ಈ ವ್ಯಾಖ್ಯೆಗೆ ಒಳಪಡುತ್ತಾರೆ. ಉಪಕರಣ ಮತ್ತು ಕಚ್ಚಾ ಸಾಮಗ್ರಿಯನ್ನು ಯಾರು ಒದಗಿಸಿದರು ಎಂಬುದು ಇಲ್ಲಿ ಮುಖ್ಯವಲ್ಲ. ಸ್ವಂತ ಯಂತ್ರವುಳ್ಳ ಮಹಿಳೆಯೂ ಇದರಿಂದ ಹೊರಗುಳಿಯುವುದಿಲ್ಲ.

ಕೊರತೆಯು ವೇತನಕ್ಕೆ ಸಂಬಂಧಿಸಿದ್ದು. ಈ ಹಿಂದಿನ 1948ರ ಕನಿಷ್ಠ ವೇತನ ಕಾಯ್ದೆಯ "ಉದ್ಯೋಗಿ" ಎಂಬ ವ್ಯಾಖ್ಯೆಯಲ್ಲಿ, ಸಾಮಗ್ರಿಯನ್ನು ಮನೆಗೆ ಒಯ್ದು ಕೆಲಸ ಮಾಡಿಕೊಡುವ ಹೊರಗೆಲಸಗಾರರನ್ನು ಸ್ಪಷ್ಟವಾಗಿ ಸೇರಿಸಲಾಗಿದ್ದಿತು. ಅದರ ಸ್ಥಾನದಲ್ಲಿ ಬಂದಿರುವ 2019ರ ವೇತನ ಸಂಹಿತೆಯ ವ್ಯಾಖ್ಯೆಯಲ್ಲಿ ಆ ಮಾತುಗಳು ಪ್ರತ್ಯೇಕವಾಗಿ ಕಾಣಿಸುವುದಿಲ್ಲ. ನಗದ ಲೆಕ್ಕದ ಕೆಲಸಕ್ಕೂ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡತಕ್ಕದ್ದಲ್ಲ ಎಂಬ ನಿಯಮ ಮುಂದುವರಿದಿದೆ. ಬಾಕಿ ವೇತನಕ್ಕಾಗಿ ಕ್ಲೇಮು ಸಲ್ಲಿಸುವ ಅವಧಿಯು ಹಿಂದಿನ ಆರು ತಿಂಗಳ ಬದಲಾಗಿ ಮೂರು ವರ್ಷಗಳಿಗೆ ವಿಸ್ತರಿಸಲ್ಪಟ್ಟಿದೆ. ಆದರೆ ಇವೆರಡರ ಪ್ರಯೋಜನ ಪಡೆಯಲು ತಾನು ಒಂದು ಸಂಸ್ಥೆಯ ಉದ್ಯೋಗಿ ಎಂಬುದನ್ನು ಮನೆಯಲ್ಲಿ ಹೊಲಿಯುವವಳು ಮೊದಲು ತೋರಿಸಿಕೊಡಬೇಕಾಗುತ್ತದೆ. ಹಿಂದಿನ ಕಾಯ್ದೆಯಲ್ಲಿ ಕಾನೂನೇ ಹೇಳುತ್ತಿದ್ದ ಮಾತನ್ನು ಈಗ ಸಾಕ್ಷ್ಯದಿಂದ ಸಿದ್ಧಪಡಿಸುವ ಭಾರ ಆಕೆಯ ಮೇಲೆ ಬಿದ್ದಿದೆ ಎಂದು ಹೇಳಬೇಕಾಗುತ್ತದೆ. ಗೃಹಾಧಾರಿತ ಕೆಲಸದ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1996ರ 177ನೇ ಒಡಂಬಡಿಕೆಯು ವೇತನದಲ್ಲಿಯೂ ಸಮಾನತೆಯನ್ನು ಅಪೇಕ್ಷಿಸುತ್ತದೆ. ಅಹಮದಾಬಾದಿನ ಸೇವಾ ಸಂಘಟನೆಯು ಆ ಒಡಂಬಡಿಕೆಗಾಗಿ ಶ್ರಮಿಸಿದ್ದರೂ ಭಾರತವು ಅದನ್ನು ಅನುಮೋದಿಸಿರುವುದಿಲ್ಲ.

ಅರ್ಜಿಯಲ್ಲಿ ವೃತ್ತಿಯ ನಮೂದು

ಇ-ಶ್ರಮ್ ನೋಂದಣಿಯು 26-08-2021 ರಂದು ಆರಂಭವಾಗಿದ್ದು, ಅಸಂಘಟಿತ ವಲಯದ 16 ರಿಂದ 59 ವರ್ಷದೊಳಗಿನವರಿಗೆ ಅನ್ವಯಿಸುತ್ತದೆ. ಭವಿಷ್ಯ ನಿಧಿ ಅಥವಾ ಇ.ಎಸ್.ಐ. ಸದಸ್ಯರು ಅರ್ಹರಲ್ಲ. ಇಲ್ಲಿ ಕನ್ನಡ ಭಾಷೆಯೇ ಒಂದು ತೊಡಕನ್ನು ಉಂಟುಮಾಡುತ್ತದೆ. "ಏನು ಕೆಲಸ?" ಎಂಬ ಪ್ರಶ್ನೆಗೆ "ಮನೆಯಲ್ಲೇ ಕೆಲಸ" ಎಂದು ಉತ್ತರಿಸಿದರೆ, ನಮೂದಿಸುವವರು ಅದನ್ನು "ಮನೆಗೆಲಸ" ಎಂದು ತಿಳಿಯುವ ಸಂಭವವಿದೆ. ಮನೆಗೆಲಸದವರು ಎಂದರೆ ಇತರರ ಮನೆಯಲ್ಲಿ ಪಾತ್ರೆ, ಬಟ್ಟೆ, ಅಡುಗೆ ಕೆಲಸ ಮಾಡುವವರು. ಅದು ಬೇರೆಯೇ ವರ್ಗ. ಇನ್ನು "ಗೃಹಿಣಿ" ಎಂದು ಹೇಳಿದಲ್ಲಿ ಕಾರ್ಮಿಕಳೆಂಬ ಗುರುತೇ ಉಳಿಯುವುದಿಲ್ಲ. ಹೊಲಿಗೆಯವರು ರಾಷ್ಟ್ರೀಯ ವೃತ್ತಿ ವರ್ಗೀಕರಣದಲ್ಲಿ ದರ್ಜಿಗಳ 7531 ಅಥವಾ ಹೊಲಿಗೆ ಮತ್ತು ಕಸೂತಿಯ 7533 ಗುಂಪಿನಡಿ ತಮ್ಮ ವೃತ್ತಿ ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ವರ್ಗಗಳಲ್ಲಿಯೂ ಟೈಲರ್‌ಗಳು ಸೇರಿರುತ್ತಾರೆ.

17-09-2023 ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿ ಅವಧಿಯಲ್ಲಿ ದಿನಕ್ಕೆ ರೂ. 500 ಭತ್ಯೆ, ಉಪಕರಣಕ್ಕೆ ರೂ. 15,000 ಹಾಗೂ ಶೇ. 5ರ ಬಡ್ಡಿಯಲ್ಲಿ ಮೊದಲು ರೂ. 1 ಲಕ್ಷ, ನಂತರ ರೂ. 2 ಲಕ್ಷ ಸಾಲ ದೊರೆಯುತ್ತದೆ. ಪತಿ, ಪತ್ನಿ ಮತ್ತು ಅವಿವಾಹಿತ ಮಕ್ಕಳಿರುವ ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶವಿದೆ. ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಾಯಿಸಿದ ನಂತರ ಗ್ರಾಮ ಪಂಚಾಯತಿ ಅಥವಾ ನಗರ ಸ್ಥಳೀಯ ಸಂಸ್ಥೆಯ ಹಂತದಲ್ಲಿ ಪರಿಶೀಲನೆ ನಡೆಯುತ್ತದೆ.

ಈ ಯೋಜನೆಯು ಸ್ವಯಂ ಉದ್ಯೋಗಿಗಳಿಗಾಗಿ ರೂಪಿಸಲ್ಪಟ್ಟಿದೆ ಎಂಬುದನ್ನು ಮಾತ್ರ ಅರ್ಜಿದಾರರು ತಿಳಿದಿರಬೇಕು. ನೆರೆಹೊರೆಯವರಿಗೆ ರವಿಕೆ ಹೊಲಿದುಕೊಡುವ ಮಹಿಳೆಯು ನಿಸ್ಸಂದೇಹವಾಗಿ ಸ್ವಯಂ ಉದ್ಯೋಗಿ. ಒಬ್ಬನೇ ಗುತ್ತಿಗೆದಾರನಿಗೆ, ಆತ ಹೇಳಿದ ಅಳತೆಯಲ್ಲಿ, ಆತ ಹೇಳಿದ ದರಕ್ಕೆ ವರ್ಷವಿಡೀ ಹೊಲಿಯುವವಳು ವಾಸ್ತವವಾಗಿ ಕಾರ್ಮಿಕಳು. ಆಕೆಯು ತಾನು ಸ್ವಯಂ ಉದ್ಯೋಗಿ ಎಂದು ಘೋಷಿಸಿದಲ್ಲಿ, ಮುಂದೆ ಮಜೂರಿಯ ತಕರಾರು ಬಂದಾಗ ಗುತ್ತಿಗೆದಾರನು ಆ ಘೋಷಣೆಯನ್ನೇ ಮುಂದೊಡ್ಡಬಹುದು. ಅನೇಕರು ಎರಡೂ ಬಗೆಯ ಕೆಲಸ ಮಾಡುವುದುಂಟು. ಅಂತಹವರು ಸ್ವಂತ ಗಿರಾಕಿಗಳ ಲೆಕ್ಕವನ್ನು ಮತ್ತು ಗುತ್ತಿಗೆದಾರನ ಲೆಕ್ಕವನ್ನು ಬೇರೆ ಬೇರೆ ಪುಸ್ತಕದಲ್ಲಿ ಬರೆದಿಡುವುದು ಸೂಕ್ತ.

ಅಂತರ್ಜಾಲ ಮಾರಾಟ ಮತ್ತು ಗೃಹಲಕ್ಷ್ಮಿ

ಹೊಲಿದ ಉಡುಪನ್ನು ಅಂತರ್ಜಾಲ ಮಾರುಕಟ್ಟೆಯ ಮೂಲಕ ತಾವೇ ಮಾರುವವರ ಪ್ರಶ್ನೆ ಬೇರೆಯಾಗಿದೆ. ಉದ್ಯಮ್ ನೋಂದಣಿಯು ಉಚಿತವಾಗಿದ್ದು, ಅದನ್ನು ಮಾಡಿಸಿದ ಮಾತ್ರಕ್ಕೆ ಜಿ.ಎಸ್.ಟಿ. ಅನ್ವಯವಾಗುವುದಿಲ್ಲ. 01-10-2023 ರಿಂದ ಸಣ್ಣ ಮಾರಾಟಗಾರರು ಜಿ.ಎಸ್.ಟಿ. ನೋಂದಣಿಯಿಲ್ಲದೆ, ದಾಖಲಾತಿ ಸಂಖ್ಯೆಯೊಂದನ್ನು ಪಡೆದು, ತಮ್ಮ ರಾಜ್ಯದೊಳಗೆ ಅಂತರ್ಜಾಲ ಮಾರುಕಟ್ಟೆಗಳ ಮೂಲಕ ಸರಕು ಮಾರಬಹುದಾಗಿದೆ. ಹೊನ್ನಾವರದಿಂದ ಬೆಂಗಳೂರಿಗೆ ಹೀಗೆ ಕಳುಹಿಸಬಹುದು; ಅದಕ್ಕಿಂತ ಹತ್ತಿರದ ಗೋವಾಕ್ಕೆ ಕಳುಹಿಸುವಂತಿಲ್ಲ. ರಾಜ್ಯದ ಗಡಿ ದಾಟಿದಲ್ಲಿ ಈ ವಿನಾಯಿತಿ ದೊರೆಯದು ಮತ್ತು ನೋಂದಣಿ ಕಡ್ಡಾಯವಾಗುತ್ತದೆ. ಕುಟುಂಬದ ಯಜಮಾನಿ ಅಥವಾ ಆಕೆಯ ಪತಿ ಜಿ.ಎಸ್.ಟಿ. ಇಲ್ಲವೇ ಆದಾಯ ತೆರಿಗೆ ಪಾವತಿದಾರರಾಗಿದ್ದಲ್ಲಿ ಮಾಸಿಕ ರೂ. 2,000ದ ಗೃಹಲಕ್ಷ್ಮಿ ಯೋಜನೆಗೆ ಅರ್ಹರಾಗುವುದಿಲ್ಲ. ಗೋವಾದ ಒಂದೆರಡು ಬೇಡಿಕೆಗಳಿಗಾಗಿ ನೋಂದಣಿ ಮಾಡಿಸುವ ಮುನ್ನ ಈ ಎರಡನ್ನೂ ತೂಗಿ ನೋಡುವುದು ಒಳಿತು. ಮಧ್ಯವರ್ತಿಗಳು ಈ ವಿಷಯವನ್ನು ತಾವಾಗಿಯೇ ತಿಳಿಸುವರೆಂದು ನಿರೀಕ್ಷಿಸುವಂತಿಲ್ಲ.

ದಾಖಲೆಗಳು

ಹೊಲಿಗೆ ಯಂತ್ರ ವಿತರಣೆಯ ಯೋಜನೆಗಳು ಅನೇಕವಿವೆ. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಂತಹ ಸಂಸ್ಥೆಗಳಲ್ಲಿ ಉಚಿತ ತರಬೇತಿಯೂ ಲಭ್ಯವಿದೆ. ಯಂತ್ರ ಮತ್ತು ಕೌಶಲ್ಯಕ್ಕಿಂತ ವಿರಳವಾಗಿರುವುದು ಕೆಲಸ ನಡೆದುದಕ್ಕೆ ಪುರಾವೆ. ಆದ್ದರಿಂದ ಗಂಟು ಪಡೆದ ದಿನಾಂಕ, ನಗಗಳ ಸಂಖ್ಯೆ, ಒಪ್ಪಿದ ದರ, ಮರಳಿಸಿದ ದಿನಾಂಕ ಹಾಗೂ ತಿರಸ್ಕರಿಸಲ್ಪಟ್ಟ ನಗಗಳನ್ನು ನಮೂದಿಸಿ ಪ್ರತಿ ಬಾರಿ ಸಹಿ ಪಡೆಯತಕ್ಕದ್ದು. ಸಹಿ ಹಾಕಲು ಒಪ್ಪದಿದ್ದಲ್ಲಿ ಮೊಬೈಲ್ ಸಂದೇಶ ಮತ್ತು ಬ್ಯಾಂಕ್ ಮೂಲಕದ ಪಾವತಿಯನ್ನು ಉಳಿಸಿಕೊಳ್ಳುವುದು. ತಿರಸ್ಕರಿಸಿ ಮರಳಿ ಹೊಲಿಸಿದ ಸಂದೇಶಗಳು ಮೇಲ್ನೋಟಕ್ಕೆ ಬೇಸರದ ವಿಷಯವಾದರೂ, ಮೇಲೆ ತಿಳಿಸಿದ 1973ರ ತೀರ್ಪಿನ ಹಿನ್ನೆಲೆಯಲ್ಲಿ ಅವುಗಳೇ ಅತ್ಯಂತ ಉಪಯುಕ್ತ ಸಾಕ್ಷ್ಯವಾಗಬಲ್ಲವು.

ಇ-ಶ್ರಮ್‌ನಲ್ಲಿ ಈಗಾಗಲೇ ವೃತ್ತಿಯನ್ನು ತಪ್ಪಾಗಿ ನಮೂದಿಸಿರುವವರು, ಆಧಾರ್‌ಗೆ ಜೋಡಣೆಯಾದ ಮೊಬೈಲ್ ದೂರವಾಣಿಯೊಂದಿಗೆ ಸಮೀಪದ ಸಾಮಾನ್ಯ ಸೇವಾ ಕೇಂದ್ರಕ್ಕೆ ತೆರಳಿ ತಿದ್ದುಪಡಿ ಮಾಡಿಸಿಕೊಳ್ಳಬಹುದಾಗಿದೆ. ಮಜೂರಿ ಬಾಕಿಯ ಬಗ್ಗೆ ಆಯಾ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಲಿಖಿತ ದೂರು ನೀಡಿ, ಸ್ವೀಕೃತಿ ಪಡೆಯತಕ್ಕದ್ದು.