ಮೂಳೆ ಸವೆದಿದೆಯಂತೆ, ಸುಮ್ನೆ ಕೂರಬೇಕಂತೆ!

ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರ್ಕೊಂಡ ಮೇಲೆ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ವಿ. ಟಿ-ಸ್ಕೋರ್ -2.5 ಅಥವಾ ಅದಕ್ಕಿಂತ ಕೆಳಗೆ ಹೋದ್ರೆ ಆಸ್ಟಿಯೋಪೊರೋಸಿಸ್ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಕೊಟ್ಟ ಲೆಕ್ಕ. ಚಿಕ್ಕಮ್ಮನದು -2.9. ಅವತ್ತಿಂದ ಮನೆಗೆ ಬಂದವರದ್ದೆಲ್ಲ ಒಂದೇ ಮಾತು: "ಮೂಳೆ ಸವೆದಿದೆಯಂತೆ, ಇನ್ನು ಸುಮ್ನೆ ಕೂತ್ಕೊಳ್ಳಿ."

ನನಗೆ ಸಿಟ್ಟಿರೋದು ಈ 'ಸವೆತ' ಅನ್ನೋ ಪದದ ಮೇಲೆ. ಚಪ್ಪಲಿ ಸವೆಯುತ್ತೆ, ಒರಳುಕಲ್ಲು ಸವೆಯುತ್ತೆ. ಬಳಸಿದ್ರೆ ಸವೆಯುತ್ತೆ, ಬಳಸದೆ ಇಟ್ರೆ ಉಳಿಯುತ್ತೆ, ಅಲ್ವಾ? ಮಂಡಿನೋವಿಗೂ ಸವೆತ, ಕತ್ತುನೋವಿಗೂ ಸವೆತ, ಇದಕ್ಕೂ ಸವೆತ. ಆದ್ರೆ ಇಲ್ಲಿ ಆಗೋದೇ ಬೇರೆ. ಮೂಳೆಗೆ ಜೀವ ಇದೆ. ಒಂದು ಕಡೆ ಹಳೇದನ್ನ ಕರಗಿಸ್ತಾ, ಇನ್ನೊಂದು ಕಡೆ ಹೊಸದನ್ನ ಕಟ್ತಾ ಇರುತ್ತೆ. ಮುಟ್ಟು ನಿಂತ ಮೇಲೆ ಕಟ್ಟೋದಕ್ಕಿಂತ ಕರಗೋದು ಜಾಸ್ತಿಯಾಗಿ ಒಳಗೆ ಟೊಳ್ಳಾಗುತ್ತೆ. ಭಾರ ಬಿದ್ರೆ ತಾನೇ ಕಟ್ಟೋ ಕೆಲಸ ನಡೆಯೋದು! ತೂಕವೇ ಇಲ್ಲದೆ ತೇಲೋ ಗಗನಯಾತ್ರಿಗಳು ತಕ್ಕ ವ್ಯಾಯಾಮ ಮಾಡದಿದ್ರೆ ಸೊಂಟದ ಮೂಳೆಯಲ್ಲಿ ತಿಂಗಳಿಗೆ ಶೇ. 1ರಷ್ಟು ಕಳ್ಕೊಳ್ತಾರೆ. ಮಂಚ ಹಿಡಿದು ಕೂತ ಚಿಕ್ಕಮ್ಮನೂ ನಿಧಾನವಾಗಿ ಅದೇ ದಾರಿ ಹಿಡಿದಿದ್ರು.

ಇದಕ್ಕೆ ಎದುರು ತುದಿಯವರೂ ಇದ್ದಾರೆ. ಪಕ್ಕದ ಮನೆಯವರು ಚಿಕ್ಕಮ್ಮನನ್ನ ಪಾರ್ಕಿನ ಯೋಗ ಕ್ಲಾಸಿಗೆ ಕರ್ಕೊಂಡು ಹೋದ್ರು. ಮೊದಲ ದಿನವೇ ಪಾದಹಸ್ತಾಸನ! ಬೆನ್ನು ಬಗ್ಗಿಸಿ ಪಾದ ಮುಟ್ಟಬೇಕು. ಯೋಗದ ಮೇಲೆ ನನಗೇನೂ ದ್ವೇಷ ಇಲ್ಲ, ಆದ್ರೆ ಟೊಳ್ಳಾದ ಬೆನ್ನುಮೂಳೆ ಮುಂದಕ್ಕೆ ಮಡಚಿದಾಗ ಅದರ ಮುಂಭಾಗದ ಮೇಲೇ ಒತ್ತಡ ಬಿದ್ದು ಕುಸಿಯಬಹುದು. ಅಮೆರಿಕದ ಮೇಯೋ ಕ್ಲಿನಿಕ್‌ನವರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಇದೇ ತೊಂದರೆ ಇದ್ದ 59 ಹೆಂಗಸರಲ್ಲಿ ಬೆನ್ನನ್ನ ಹಿಂದಕ್ಕೆ ನೆಟ್ಟಗೆ ಮಾಡೋ ವ್ಯಾಯಾಮ ಮಾಡಿದ ಗುಂಪಿನಲ್ಲಿ ಶೇ. 16 ಜನಕ್ಕೆ ಹೊಸ ಮುರಿತ ಆಯ್ತು. ಬರೀ ಮುಂದಕ್ಕೆ ಬಗ್ಗೋ ವ್ಯಾಯಾಮ ಮಾಡಿದವರಲ್ಲಿ ಶೇ. 89. ಏನೂ ಮಾಡದೆ ಇದ್ದವರಲ್ಲಿ ಶೇ. 67! ಚಿಕ್ಕ ಅಧ್ಯಯನ, ಬಗ್ಗೋ ಗುಂಪಿನಲ್ಲಿ ಇದ್ದಿದ್ದೇ 9 ಜನ, ಒಪ್ಕೊಳ್ತೀನಿ. ಆದ್ರೂ ಗುರುಗಳು "ಇನ್ನೂ ಸ್ವಲ್ಪ ಬಗ್ಗಿ ತಾಯಿ" ಅನ್ನೋ ಮೊದಲು ಒಂದು ಮಾತು ಕೇಳಬಾರದಾ?

"ನಾನು ದಿನಾ ವಾಕಿಂಗ್ ಹೋಗ್ತೀನಲ್ಲ" ಅನ್ನೋರಿಗೆ: ಹೋಗಿ, ಒಳ್ಳೇದೇ. ಆದ್ರೆ ಅದೊಂದೇ ಸಾಲದು, ಸ್ನಾಯುಗಳಿಗೂ ಕೆಲಸ ಬೇಕು.

ನಮ್ಮ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದು ಹತ್ತು ನಿಮಿಷದ ಕೆಲಸ. ಒಲೆ ಮೇಲೆ ಹಾಲಿಟ್ಟು ಅಡುಗೆಮನೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು, ಹತ್ತು ಸಲ. ಅಲ್ಲೇ ಒಂದೊಂದೇ ಕಾಲ ಮೇಲೆ ಹತ್ತು ಎಣಿಸೋವರೆಗೆ ನಿಲ್ಲೋದು, ಕೈ ಕಟ್ಟೆ ಮೇಲೇ ಇರಲಿ. ಆಮೇಲೆ ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ (ಜಾರೋ ಪ್ಲಾಸ್ಟಿಕ್ ಕುರ್ಚಿ ಬೇಡ) ಆದಷ್ಟೂ ಕೈ ಊರದೆ ಎದ್ದು ಕೂರೋದು, ಎಂಟು ಸಲ. ಗೋಡೆಗೆ ಅಂಗೈ ಇಟ್ಟು, ಮೊಣಕೈ ಮಡಚಿ ತಳ್ಳೋದು. ಕೊನೆಗೆ ಗೋಡೆಗೆ ಬೆನ್ನು ಕೊಟ್ಟು ನಿಂತು, ಗದ್ದ ಒಳಗೆ ಎಳ್ಕೊಂಡು, ಭುಜ ಹಿಂದಕ್ಕೆ ಒತ್ತೋದು. ಇದರಿಂದ ಸ್ಕ್ಯಾನಿನ ಸಂಖ್ಯೆ ಏರುತ್ತೆ ಅಂತ ನಾನು ಹೇಳಲ್ಲ. ಬೀಳೋದು ಕಮ್ಮಿಯಾದ್ರೆ ಮುರಿಯೋದೂ ಕಮ್ಮಿ, ಅಷ್ಟೇ. ಡಾಕ್ಟರ್ ಕೊಟ್ಟ ಮಾತ್ರೆ ಬಿಡೋ ಹಾಗಿಲ್ಲ.

ಸಂಖ್ಯೆ ಏರಿಸಿದವರೂ ಇದ್ದಾರೆ ಅನ್ನಿ. ಆಸ್ಟ್ರೇಲಿಯಾದಲ್ಲಿ ಮೂಳೆ ಸಾಂದ್ರತೆ ಕಮ್ಮಿ ಇದ್ದ ನೂರಾಒಂದು ಹೆಂಗಸರ ಅಧ್ಯಯನ 2017ರಲ್ಲಿ ಬಂತು. ಅರ್ಧ ಜನರಿಂದ ವಾರಕ್ಕೆ ಎರಡೇ ಸಲ, ಅರ್ಧ ಗಂಟೆ, ಎಂಟು ತಿಂಗಳು ನಿಜವಾದ ಭಾರವನ್ನೇ ಎತ್ತಿಸಿದ್ರು. ಅವರ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ. 3 ಹೆಚ್ಚಿತು. ಆದ್ರೆ ಪ್ರತಿ ಸಲವೂ ತಜ್ಞರು ಪಕ್ಕದಲ್ಲಿದ್ರು. ನೋಡಿ ಉತ್ಸಾಹ ಬಂದು ಮನೇಲಿ ಗ್ಯಾಸ್ ಸಿಲಿಂಡರ್ ಎತ್ತಕ್ಕೆ ಹೋಗ್ಬೇಡಿ :)

ಒಂದು ವಿಷಯ ಮಾತ್ರ ಗಮನಿಸಿ. ಎತ್ತರ ಕಮ್ಮಿಯಾಗಿದ್ರೆ, ಮೊದಲು ಸರಿಯಾಗಿ ಬರ್ತಿದ್ದ ಸೀರೆ ನೆರಿಗೆ ಈಗ ನೆಲ ಗುಡಿಸ್ತಿದ್ರೆ, ಬೆನ್ನುಮೂಳೆ ಗೊತ್ತಿಲ್ಲದೇ ಕುಸಿದಿರಬಹುದು. ಆಗ ಮೊದಲು ಡಾಕ್ಟರಿಗೆ ತೋರಿಸಿ, ವ್ಯಾಯಾಮ ಆಮೇಲೆ.

ಇನ್ನು ಮೋಟು ಪೊರಕೆ. ವ್ಯಾಯಾಮ ಹತ್ತು ನಿಮಿಷ, ಬೆನ್ನು ಬಗ್ಗಿಸಿ ಗುಡಿಸೋದು, ರಂಗೋಲಿ ಹಾಕೋದು ಮುಕ್ಕಾಲು ಗಂಟೆ ಅಂದ್ರೆ ಏನು ಬಂತು? ಉದ್ದ ಹಿಡಿಯ ಪೊರಕೆ ತಂದ್ವಿ. ತುಂಬಿದ ಬಕೆಟ್ ಚಿಕ್ಕಪ್ಪನ ಪಾಲಿಗೆ ಬಂತು. ರಂಗೋಲಿ ಮಾತ್ರ ಚಿಕ್ಕಮ್ಮ ಬಿಡಲಿಲ್ಲ. ಈಗ ಬಾಗಿಲ ಮುಂದೆ ಒಂದು ಎತ್ತರದ ಮಣೆ ಹಾಕ್ಕೊಂಡು, ಬೆನ್ನು ನೆಟ್ಟಗೆ ಇಟ್ಕೊಂಡು, ಪುಟ್ಟದೊಂದು ಎಳೆ ಎಳೀತಾರೆ.