ಜಾಲತಾಣಕ್ಕೂ ಪಹಣಿ ನೋಡಬೇಕು

ಹಲಬರ್ಗಾ ಸುತ್ತಮುತ್ತ ತೊಗರಿ, ಉದ್ದು, ಹೆಸರು ಬೆಳೆಯುವ ನಮ್ಮಂಥವರಿಗೆ ಜಾಲತಾಣ ಯಾಕೆ, ವಾಟ್ಸಾಪ್ ಸಾಕಲ್ಲ ಅಂತ ಕೇಳುವವರಿದ್ದಾರೆ. ಸಾಲದು ರೀ. ವಾಟ್ಸಾಪಿಗೆ ಹಾಕಿದ ಬೀಜದ ಮಾಹಿತಿ ಎರಡೇ ದಿನಕ್ಕೆ ಶುಭೋದಯದ ಚಿತ್ರಗಳ ಕೆಳಗೆ ಹೂತು ಹೋಗುತ್ತದೆ. ಬೀದರಿನಲ್ಲೋ ಹೈದರಾಬಾದಿನಲ್ಲೋ ಕೂತ ಗಿರಾಕಿ ಗೂಗಲ್ಲಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಮನೆಯಲ್ಲೇ ತೊಗರಿ ಒಡೆದು ಬ್ಯಾಳಿ ಮಾರುವವರಿಗೆ, ಜವಾರಿ ಬೀಜ ಉಳಿಸಿಕೊಂಡವರಿಗೆ ಸ್ವಂತದ್ದೊಂದು ಪುಟ ಇರಬೇಕು.

ಯಾವ ತಂತ್ರಾಂಶದಲ್ಲಿ ಕಟ್ಟಬೇಕು? "ಯಾವುದು ಸುಲಭವೋ ಅದರಲ್ಲಿ" ಅನ್ನುತ್ತಾರೆ ಬಲ್ಲವರು. ಸುಲಭದ್ದು ಈಗ ಬೇಕಾದಷ್ಟು ಅದಾವ. ನಾನು ಮೊದಲು ಕೇಳುವುದು ಬೇರೆ. ಬಿಟ್ಟು ಹೊರಡುವಾಗ ನಮ್ಮ ಬರಹ ನಮ್ಮ ಕೈಗೆ ಬರುತ್ತದೋ ಇಲ್ಲವೋ?

ಲಾವಣಿ ಹೊಲದಲ್ಲಿ ಸ್ವಂತ ರೊಕ್ಕ ಹಾಕಿ ಬಾವಿ ತೋಡಿಸುವವರು ಯಾರಿದ್ದಾರೆ? ಪುಕ್ಕಟೆ ತಾಣವೂ ಲಾವಣಿ ಹೊಲ ಇದ್ದಂಗ. 1994ರಲ್ಲಿ ಶುರುವಾದ ಜಿಯೋಸಿಟೀಸಿನಲ್ಲಿ ಲಕ್ಷಗಟ್ಟಲೆ ಮಂದಿ ಪುಟ ಕಟ್ಟಿದ್ದರು. ಯಾಹೂ ಕಂಪನಿ 2009ರಲ್ಲಿ ಅಮೆರಿಕದ್ದನ್ನು ಮುಚ್ಚಿತು, ಯಾಹೂ ಜಪಾನ್ 2019ರಲ್ಲಿ ಜಪಾನಿನದ್ದನ್ನು ಮುಚ್ಚಿತು. ಈಚಿನದೇ ಬೇಕೆಂದರೆ, ಸಣ್ಣ ವ್ಯಾಪಾರಿಗಳು ಗೂಗಲ್ ಬಿಸಿನೆಸ್ ಪ್ರೊಫೈಲಿನಿಂದ ಮಾಡಿಕೊಂಡಿದ್ದ ಪುಕ್ಕಟೆ ತಾಣಗಳು 2024ರ ಮಾರ್ಚಿನಲ್ಲಿ ಬಂದ್ ಆದವು. ಫೋನಿನಲ್ಲೇ ಆಗುತ್ತಿದ್ದ ಕೆಲಸ ಅದು. ಅದಕ್ಕಿಂತ ಸುಲಭದ್ದು ಬಹಳ ಇರಲಿಲ್ಲ. ಆ ಸುಲಭ ತಾಣವನ್ನು ಉಳಿಸಲಿಲ್ಲ.

ಈಗ ಇರುವವನ್ನು ಇದೇ ಒರೆಗೆ ಹಚ್ಚೋಣ. ವಿಕ್ಸ್ ನೋಡಲು ಚಂದ, ಚಿತ್ರ ಎಳೆದು ಕೂಡಿಸಿದರೆ ಪುಟ ತಯಾರು. ಆದರೆ ಅಲ್ಲಿ ಕಟ್ಟಿದ ತಾಣವನ್ನು ಹಾಗೇ ಎತ್ತಿ ಬೇರೆ ಕಡೆ ಇಡಲಾಗದು. ಬ್ಲಾಗರ್ ಗೂಗಲ್ಲಿನದು, ಪುಕ್ಕಟೆ, ಬಹಳ ಸರಳ. ಬರೆದದ್ದರ ನಕಲು ಇಳಿಸಿಕೊಳ್ಳಬಹುದು. ವರ್ಡ್‌ಪ್ರೆಸ್ 2003ರಿಂದ ಇದೆ. ಮುಕ್ತ ತಂತ್ರಾಂಶವಾದ್ದರಿಂದ ಯಾವ ಕಂಪನಿಯ ಸರ್ವರಿನಲ್ಲಾದರೂ ನಡೆಯುತ್ತದೆ. ವರ್ಡ್‌ಪ್ರೆಸ್ ಡಾಟ್ ಕಾಮಿನಲ್ಲಿ ಪುಕ್ಕಟೆ ಶುರು ಮಾಡಿ, ಸರಿ ಬರದಿದ್ದರೆ ಬರಹವನ್ನೆಲ್ಲ ಗಂಟು ಕಟ್ಟಿಕೊಂಡು ಬೇರೆ ಕಡೆ ಹೋಗಬಹುದು. ಪುಕ್ಕಟೆ ತಾಣದಲ್ಲಿ ಅವರ ಜಾಹೀರಾತು ಬರುತ್ತದೆ, ಕಲಿಯುವುದೂ ಬ್ಲಾಗರಿಗಿಂತ ತುಸು ಹೆಚ್ಚು. ಆದರೂ ನನ್ನ ಓಟು ಅದಕ್ಕೇ. ಅಷ್ಟು ಪುರುಸೊತ್ತಿಲ್ಲದವರಿಗೆ ಬ್ಲಾಗರ್ ಸಾಕು.

ಇನ್ನು ತಾಣದ ಹೆಸರು. ಡಾಟ್ ಇನ್ ಇರಲಿ, ಡಾಟ್ ಕಾಮ್ ಇರಲಿ, ಸ್ವಂತ ಹೆಸರಿಗೆ ವರ್ಷ ವರ್ಷ ರೊಕ್ಕ ಕಟ್ಟಬೇಕು. ಮೊದಲ ವರ್ಷ ಅಗ್ಗ ತೋರಿಸಿ ಎರಡನೇ ವರ್ಷ ದರ ಏರಿಸುವವರಿದ್ದಾರೆ, ನವೀಕರಣದ ದರ ಮೊದಲೇ ಕೇಳಿರಿ. ಮಾಡಿಕೊಡುವ ಹುಡುಗ ಅದನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡರೆ ತಾಣ ಅವನದು, ದುಡಿಮೆ ಮಾತ್ರ ನಿಮ್ಮದು. ಹೊಲ ಕೊಳ್ಳುವಾಗ ಪಹಣಿ ನೋಡುವುದಿಲ್ಲವೇ? ಇಲ್ಲಿಯೂ ನೋಡಿರಿ. ಹೆಸರು, ಇಮೇಲ್, ಪಾಸ್‌ವರ್ಡ್ ಮೂರೂ ನಿಮ್ಮ ಮನೆಯಲ್ಲೇ ಇರಲಿ.

ಕನ್ನಡದವರಿಗೆ ಇನ್ನೊಂದು ಮಾತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟದ್ದನ್ನು ಹಾಗೇ ಅಂಟಿಸಿದರೆ ಓದುಗರಿಗೆ ಅರ್ಥವಿಲ್ಲದ ಅಕ್ಷರಗಳೇ ಕಾಣುತ್ತವೆ, ಹುಡುಕಿದರೂ ಸಿಗದು. ಯೂನಿಕೋಡಿಗೆ ಬದಲಿಸಿಯೇ ಹಾಕಬೇಕು. ಫೋನಿನ ಕನ್ನಡ ಕೀಲಿಮಣೆಯಲ್ಲಿ ಬರೆದದ್ದು ಯೂನಿಕೋಡೇ ಆಗಿರುವುದರಿಂದ ಆ ತೊಂದರೆಯಿಲ್ಲ.

ಒಂದು ಪರೀಕ್ಷೆ ಹೇಳಿ ಮುಗಿಸುತ್ತೇನೆ. ಬಿತ್ತುವ ಮುಂಚೆ ನಾಲ್ಕು ಕಾಳು ಮೊಳಕೆಗಿಟ್ಟು ನೋಡುವ ಹಾಗೆ, ಶುರು ಮಾಡಿದ ದಿನವೇ ನಾಲ್ಕು ಸಾಲು ಬರೆಯಿರಿ, ಕೂಡಲೇ ಅದರ ನಕಲು ಇಳಿಸಿಕೊಳ್ಳಿರಿ. ಇಳಿದರೆ ಮುಂದುವರಿಯಿರಿ, ಇಳಿಯದಿದ್ದರೆ ಬೇರೆ ನೋಡಿರಿ. ಚಿತ್ರಗಳ ಮೂಲ ಪ್ರತಿ ಮಾತ್ರ ಯಾವಾಗಲೂ ನಿಮ್ಮ ಹತ್ತಿರ ಬೇರೆ ಇರಲಿ.