ನೀರು ಹೊಲಕ್ಕೋ, ಮನುಷ್ಯರಿಗೋ?

‘ಸಮುದಾಯ’ ಎಂಬ ಮಾತು ಈಗ ಸರಕಾರಿ ಕಾಗದದಲ್ಲಿ ಬಹಳ ಅಗ್ಗವಾಗಿದೆ. ಸಮುದಾಯ ಭವನ, ಸಮುದಾಯ ಕೆರೆ, ಸಮುದಾಯ ಹನಿ ನೀರಾವರಿ. ಕೇಳಲಿಕ್ಕೆ ಇಂಪಾಗಿದೆ. ಆದರೆ ಈ ಸಮುದಾಯದೊಳಗೆ ಯಾರಿದ್ದಾರೆ, ಯಾರಿಲ್ಲ ಎಂದು ಕೇಳಿ ನೋಡಿ. ಸಾಹೇಬರಿಗೂ ಮುಖಂಡರಿಗೂ ಒಮ್ಮೆಲೇ ಕೆಮ್ಮು ಬರುತ್ತದೆ. ಈ ಪ್ರಶ್ನೆಯನ್ನು ನಾವು ಡಂಬಳದ ಕೆರೆ ಏರಿಯ ಮೇಲೆ ನಿಂತು ಕೇಳಬೇಕಾಗಿದೆ.

ಡಂಬಳ ಮುಂಡರಗಿ ತಾಲೂಕಿನ ದೊಡ್ಡ ಊರು. ಒಂದು ಕಡೆ ಕಪ್ಪತಗುಡ್ಡ, ಸುತ್ತ ಎರಿ ಭೂಮಿ. ಈ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು, ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮುಂಗಾರಿಗೆ ಹೆಸರು, ಶೇಂಗಾ, ಗೋವಿನಜೋಳ. ಹಿಂಗಾರಿಗೆ ಬಿಳಿಜೋಳ, ಕಡಲಿ. ಮಳೆ ಕೈಕೊಟ್ಟ ವರ್ಷ ಹೊಲವಿದ್ದವನು ಸಾಲ ಮಾಡುತ್ತಾನೆ. ಹೊಲವಿಲ್ಲದವನಿಗೆ ಸಾಲವನ್ನೂ ಯಾರೂ ಕೊಡುವುದಿಲ್ಲ. ಅವನು ಹೆಂಡರು ಮಕ್ಕಳನ್ನು ಕಟ್ಟಿಕೊಂಡು ಗೋವಾಕ್ಕೋ, ಮಂಗಳೂರಿಗೋ, ಬೆಂಗಳೂರಿಗೋ ಗುಳೆ ಹೋಗುತ್ತಾನೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಮಗಳ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಬೀಳುತ್ತದೆ. ಹಳ್ಳಿಯ ಮಾಸ್ತರರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಈ ಬಡತನ ಹೋಗಲು ನೀರಾವರಿ ಬೇಕು ಎಂದು ಎಲ್ಲ ಪಕ್ಷದವರೂ ಹೇಳುತ್ತಾರೆ. ನಾವೂ ಹೇಳುತ್ತೇವೆ. ಹಮ್ಮಿಗಿಯ ಹತ್ತಿರ ತುಂಗಭದ್ರೆಗೆ ಅಡ್ಡಗಟ್ಟಿ, ಸಿಂಗಟಾಲೂರು ಏತ ನೀರಾವರಿ ಎಂದು ಹೆಸರಿಟ್ಟು, ಯಂತ್ರದಿಂದ ನೀರೆತ್ತಿ ಈ ಒಣ ಸೀಮೆಗೆ ತರುವ ಕೆಲಸ ಆಗಿದೆ, ಆಗುತ್ತಲೂ ಇದೆ. ಆ ಹಿನ್ನೀರಿಗಾಗಿ ನದಿ ದಂಡೆಯ ಜನ ಮನೆ ಮಾರು ಬಿಟ್ಟು ಎದ್ದರು. ಖರ್ಚಾದ ಹಣ ಎಲ್ಲರದು. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವಳೂ ತೆರಿಗೆ ಕಟ್ಟಿದ್ದಾಳೆ. ಹಾಗಾದರೆ ನೀರು ಯಾರದು?

ಕಾನೂನು ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ಮಾಡಿ, ಕಾಲುವೆಯ ಕೆಳಗೆ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ದಾರಿ ಮಾಡಿದರು. ಜನರ ಕೈಗೆ ನೀರು ಎಂದು ಕೊಂಡಾಡಿದರು. ಆದರೆ ಆ ಸಂಘದ ಬಾಗಿಲಲ್ಲಿ ನಿಂತಿರುವುದು ಉತಾರ. ಅಚ್ಚುಕಟ್ಟಿನಲ್ಲಿ ಹೊಲ ಇದ್ದವನು ಸದಸ್ಯ. ಅದೇ ಹೊಲದಲ್ಲಿ ಮೂವತ್ತು ವರ್ಷ ಕಸ ತೆಗೆದವಳು, ನೀರು ಹಾಯಿಸಿದವನು, ಬೆಳೆ ಕೊಯ್ದವರು ಸಮುದಾಯದ ಹೊರಗೆ. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಬಂದ ಜಲಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿತು. ಭೂಹೀನರಿಗೂ ಹೆಂಗಸರಿಗೂ ಜಾಗ ಕೊಡಿ ಎಂದಿತು. ಜಾಗ ಎಂದರೆ ಕುರ್ಚಿ. ಕುರ್ಚಿಯ ಮೇಲೆ ಕೂತವರಿಗೆ ಚಹಾ ಬಂತು. ತೂಬಿನ ನೀರು ಮಾತ್ರ ಹೊಲವಿದ್ದವನ ಹೊಲಕ್ಕೇ ಹೋಯಿತು.

ಹುನಗುಂದ ತಾಲೂಕಿನ ರಾಮಥಾಳ ಯೋಜನೆಯನ್ನು ನೋಡಿ. 24,000 ಹೆಕ್ಟೇರಿಗೆ ನೆಲದಡಿ ಕೊಳವೆ ಹಾಕಿ, ಏಷ್ಯಾದಲ್ಲೇ ದೊಡ್ಡ ಸಮುದಾಯ ಹನಿ ನೀರಾವರಿ ಎಂದು ಸಾರಿದರು. ಕೊಳವೆ ಹಾಕಿದ್ದು ಎರಡು ಕಂಪನಿ. ನಕ್ಷೆ ಬರೆದದ್ದು ನಿಗಮ. ಹನಿ ಬಿದ್ದದ್ದು ಉತಾರ ಇದ್ದವರ ನೆಲಕ್ಕೆ. ಸಮುದಾಯದ ಪಾಲಿಗೆ ಬಂದದ್ದು ಹೆಸರು.

ದಲಿತರ ಹಣದ ಕಥೆ ಇನ್ನೂ ಸೊಗಸಾಗಿದೆ. 2013ರಲ್ಲಿ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಗಳಿಗೆ ಕಾಯ್ದೆ ಬಂತು. ಅದರೊಳಗೆ 7(ಡಿ) ಎಂಬ ಒಂದು ಕಿಂಡಿ ಇಟ್ಟಿದ್ದರು. ಎಲ್ಲರಿಗೂ ಸೇರಿದ ದೊಡ್ಡ ಕಾಮಗಾರಿಯ ಖರ್ಚಿನಲ್ಲಿ ಒಂದು ಪಾಲನ್ನು ದಲಿತರಿಗಾಗಿ ಖರ್ಚಾದದ್ದೆಂದು ಭಾವಿಸಬಹುದು ಎಂದು. ಹತ್ತು ವರ್ಷ ಹೋರಾಡಿದ ಮೇಲೆ 2023ರಲ್ಲಿ ಅದನ್ನು ಕಿತ್ತುಹಾಕಿದರು. ನೋಡ್ರಿ, ನಮಗ ಕೊಟ್ಟದ್ದು ಭಾವನೆ, ಅವರಿಗೆ ಕಾಮಗಾರಿ. ಭಾವಿಸಿದ ನೀರಿನಿಂದ ಜೋಳ ಬೆಳೆಯುವುದಿಲ್ಲ.

ಕೆರೆಯನ್ನು ಕಟ್ಟಿಸಿದ ರಾಜರ, ಸೆಟ್ಟರ ಹೆಸರು ಕಲ್ಲಿನ ಮೇಲೆ ಉಂಟು. ಮಣ್ಣು ಹೊತ್ತವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಕನ್ನಡ ನಾಡಿನ ಎಷ್ಟೋ ಊರಲ್ಲಿ ತೂಬು ಎತ್ತಿ, ಗದ್ದೆಗದ್ದೆಗೆ ಸರದಿಯ ನೀರು ಬಿಡುವ ನೀರಗಂಟಿ ನಮ್ಮ ಕೇರಿಯವನೇ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದು ಅವನ ಬೆರಳ ತುದಿಯಲ್ಲಿತ್ತು. ಅದೇ ಬೆರಳು ಊರ ಬಾವಿ ಮುಟ್ಟಿದರೆ ಮೈಲಿಗೆ. ನೀರನ್ನು ಅಳೆದು ಹಂಚುವ ನ್ಯಾಯ ಬಲ್ಲವನಿಗೇ ಆ ನೀರಿನಲ್ಲಿ ಪಾಲಿಲ್ಲ. ಇದು ಜಾತಿಯ ಲೆಕ್ಕ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದದ್ದು ಬಾಯಾರಿಕೆಗಲ್ಲ, ಈ ಲೆಕ್ಕವನ್ನು ಅಳಿಸಲಿಕ್ಕೆ. ಮಹಾಡದ ಕೆಲಸ ಅರ್ಧ ಉಳಿದಿದೆ. ಕುಡಿಯುವ ನೀರಿನ ಹಕ್ಕು ಕಾಗದದಲ್ಲಾದರೂ ಬಂತು. ಬೆಳೆಯುವ ನೀರಿನ ಹಕ್ಕು ಕಾಗದದಲ್ಲೂ ಬಂದಿಲ್ಲ.

ಹಾಗಾದರೆ ಏನು ಮಾಡಬೇಕು? ನಾವು ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲ. 1972ರ ಬರದ ನಂತರ ಪುಣೆ ಜಿಲ್ಲೆಯ ಪುರಂದರ ತಾಲೂಕಿನ ನಾಯಗಾಂವದಲ್ಲಿ ವಿಲಾಸರಾವ್ ಸಾಳುಂಕೆ ಎಂಬ ಇಂಜಿನಿಯರು ಪಾಣಿ ಪಂಚಾಯತ ಶುರು ಮಾಡಿದರು. ಅದರ ಕಟ್ಟಳೆ ನಾಲ್ಕೇ ಮಾತು. ನೀರಿನ ಪಾಲು ಮನೆಯ ತಲೆಯ ಮೇಲೆ, ಹೊಲದ ಎಕರೆಯ ಮೇಲೆ ಅಲ್ಲ. ತಲೆಗೆ ಅರ್ಧ ಎಕರೆಯ ನೀರು, ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆ. ಹೊಲ ಮಾರಿದರೆ ನೀರಿನ ಹಕ್ಕು ಅದರ ಜೊತೆ ಹೋಗದು. ಕಬ್ಬು ಬೆಳೆಯಕೂಡದು. ಭೂಹೀನರಿಗೂ ಪಾಲು ಉಂಟು. ಅಲ್ಲಿ ಹುಟ್ಟಿದ ಏತಗಳೆಲ್ಲ ಉಳಿಯಲಿಲ್ಲ, ಎಷ್ಟೋ ನಿಂತುಹೋದವು. ಆದರೆ ಆ ಕಟ್ಟಳೆಯ ನ್ಯಾಯ ನಿಂತಿಲ್ಲ.

ಒಂದು ಲೆಕ್ಕ ಮಾಡೋಣ. ಕರಿಹಲಗೆಯ ಮೇಲೆ ಯಾವ ಮಾಸ್ತರರೂ ಮಾಡಿ ತೋರಿಸಬಹುದು. ಒಂದು ತೂಬಿನ ಕೆಳಗೆ 100 ಎಕರೆ, ಅಷ್ಟಕ್ಕೇ ಸಾಲುವ ನೀರು ಎಂದಿಟ್ಟುಕೊಳ್ಳಿ. ಎರಡು ದೊಡ್ಡ ಮನೆಯವರದು 50 ಎಕರೆ. ಹದಿನೆಂಟು ಸಣ್ಣ ಹಿಡುವಳಿದಾರರದು ಉಳಿದ 50. ಅಲ್ಲಿ ದುಡಿಯುವ ಮೂವತ್ತು ಮನೆಗೆ ಒಂದು ಗುಂಟೆಯೂ ಇಲ್ಲ. ಒಟ್ಟು ಐವತ್ತು ಮನೆ. ಮನೆಗೆ ಐದು ತಲೆಯಂತೆ 250 ಜನ. ಈಗಿನ ಕಾನೂನಿನಲ್ಲಿ ಎರಡು ಮನೆಗೆ ಅರ್ಧ ನೀರು, ಮೂವತ್ತು ಮನೆಗೆ ಸೊನ್ನೆ. ತಲೆಯ ಲೆಕ್ಕ ಹಿಡಿದರೆ ತಲೆಗೆ 16 ಗುಂಟೆಯ ನೀರು, ಮನೆಗೆ 2 ಎಕರೆಯ ನೀರು. ಮೂವತ್ತು ಮನೆಯ ಕೇರಿಯ ಕೈಯಲ್ಲಿ 60 ಎಕರೆಯ ನೀರು! ದೊಡ್ಡವರ ಹತ್ತಿರ ನೀರಿಲ್ಲದ 46 ಎಕರೆ, ಸಣ್ಣವರ ಹತ್ತಿರ 14 ಎಕರೆ. ಒಬ್ಬರ ಬಳಿ ಬರೀ ನೆಲ, ಇನ್ನೊಬ್ಬರ ಬಳಿ ನೀರು ಮತ್ತು ದುಡಿಯುವ ತೋಳು. ಇನ್ನು ಮಾತುಕತೆಗೆ ಕೂರಲಿ. ‘ಯಪ್ಪಾ, ಒಂದ್ ಆಳಿನ ಕೆಲಸ ಕೊಡ್ರಿ’ ಎಂದು ಕಟ್ಟೆಯ ಕೆಳಗೆ ನಿಲ್ಲುವವನು ಅಂದು ಚಾಪೆಯ ಮೇಲೆ ಎದುರಾಬದುರು ಕೂರುತ್ತಾನೆ. ಬಡತನ ಕಳೆಯುವುದು ಎಂದರೆ ಇದು. ಕೂಲಿ ನಾಲ್ಕು ಕಾಸು ಏರುವುದಷ್ಟೇ ಅಲ್ಲ, ನಿಲ್ಲುವ ಜಾಗ ಬದಲಾಗುವುದು.

ಇದಕ್ಕೆ ಎದುರು ಮಾತು ಬಂದೇ ಬರುತ್ತವೆ.

‘ಹೊಲಾ ಇಲ್ಲದವ್ರಿಗೆ ನೀರು ಯಾಕ ಬೇಕ್ರೀ?’ ಎನ್ನುತ್ತಾರೆ. ಹೊಲ ಯಾಕಿಲ್ಲ ಎಂದು ಮೊದಲು ಹೇಳಿ. 1974ರ ಭೂಸುಧಾರಣೆ ‘ಉಳುವವನೇ ಒಡೆಯ’ ಎಂದಿತು. ಗೇಣಿಯ ಚೀಟಿ ಇದ್ದ ಒಕ್ಕಲಿಗೆ ನೆಲ ಬಂತು. ಚೀಟಿಯೇ ಇಲ್ಲದ ಆಳು ಆಳಾಗಿಯೇ ಉಳಿದ. ಸರಕಾರ ಮಂಜೂರು ಮಾಡಿದ ತುಂಡು ನೆಲವೂ ಕೈಬಿಟ್ಟು ಹೋಗುತ್ತಿದೆ ಎಂದು 1978ರಲ್ಲಿ ಪರಭಾರೆ ತಡೆಯುವ ಕಾಯ್ದೆಯನ್ನೇ ತರಬೇಕಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತು, ರೊಕ್ಕ ಇದ್ದ ಯಾರೂ ಕೃಷಿ ಭೂಮಿ ಕೊಳ್ಳಬಹುದು ಎಂದರು. ಈಗ ಕಾಲುವೆ ಬಂದ ಕಡೆ ನೆಲದ ಬೆಲೆ ಏರುತ್ತದೆ, ಪಟ್ಟಣದ ಕಾರು ಬಂದು ನಿಲ್ಲುತ್ತದೆ. ನೀರು ನೆಲಕ್ಕೆ ಅಂಟಿಕೊಂಡಿದ್ದರೆ ನೆಲದ ಜೊತೆ ನೀರೂ ಮಾರಾಟವಾಗುತ್ತದೆ. ಸಣ್ಣ ರೈತನೇ, ಇದು ನಿನ್ನ ಪ್ರಶ್ನೆಯೂ ಹೌದು.

ಭೂಹೀನರು ಬೇಸಾಯ ಮಾಡುತ್ತಲೇ ಇದ್ದಾರೆ, ಲಾವಣಿ ಹಿಡಿದು, ಪಾಲಿಗೆ ಹಿಡಿದು. ಆದರೆ ನಮ್ಮ ಕಾನೂನು ಗೇಣಿಯನ್ನೇ ನಿಷೇಧಿಸಿರುವುದರಿಂದ ಅದೆಲ್ಲ ಬಾಯಿಮಾತು. ಬೆಳೆ ಹೋದರೆ ಪರಿಹಾರ ಉತಾರದವನಿಗೆ, ನಷ್ಟ ಲಾವಣಿಯವನಿಗೆ. ಬೀದರಿನ ಗಡಿಯಾಚೆ, ಈಗಿನ ತೆಲಂಗಾಣದ ಜಹೀರಾಬಾದ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರ ಸಂಘಗಳು ಕೂಡಿ ನೆಲ ಹಿಡಿದು, ಕೂಡಿ ಬಿತ್ತಿ, ಕೂಡಿ ಒಕ್ಕಿ ಉಂಡಿವೆ. ಅವರಿಂದ ಆದದ್ದು ನಮ್ಮ ಅವ್ವಂದಿರಿಂದ ಆಗದೇನು?

ಎರಡನೆಯ ಮಾತು: ‘ನಿಮಗ ಗಂಗಾಕಲ್ಯಾಣ ಐತೆಲ್ಲ!’ ಐತಿ. ಒಬ್ಬೊಬ್ಬನಿಗೆ ಒಂದೊಂದು ತೂತು. ಅದಕ್ಕೂ ಉತಾರ ಬೇಕು. ಕೊರೆದಲ್ಲಿ ನೀರು ಬೀಳಬೇಕು, ಬಿದ್ದದ್ದು ಉಳಿಯಬೇಕು, ಕರೆಂಟು ಬರಬೇಕು. ಬತ್ತಿದ ದಿನ ಅವನು ಒಬ್ಬನೇ. ಒಡೆದು ಆಳುವವರಿಗೆ ಬಿಡಿಬಿಡಿ ಬೋರು ಇಷ್ಟ; ಕೂಡಿ ಹಿಡಿದ ತೂಬಿನ ಕೀಲಿ ಇಷ್ಟವಿಲ್ಲ.

ಮೂರನೆಯ ಮಾತು: ‘ಇದರಿಂದ ಊರಾಗ ಜಗಳ ಆಗ್ತಾವ.’ ಆಗಲಿ. ಆದರೆ ಜಗಳ ಈಗಿಲ್ಲವೇ? ಮೇಲಿನವನು ಒಡೆದುಕೊಂಡು ಕಬ್ಬಿಗೆ ಬಿಡುತ್ತಾನೆ, ಕೊನೆಯವನ ಹೊಲದಲ್ಲಿ ಕಾಲುವೆ ಎಂಬುದು ಒಣಗಿದ ಗಟಾರ. ಸಣ್ಣ ರೈತರಲ್ಲಿ ಕೆಲವರ ಪಾಲು ನಮ್ಮ ಲೆಕ್ಕದಲ್ಲಿ ಕೊಂಚ ಕಡಿಮೆಯಾಗುತ್ತದೆ, ಮುಚ್ಚಿಡುವುದಿಲ್ಲ. ಆದರೆ ಇಂದು ಕಾಗದದ ಮೇಲಿರುವ ಪೂರ್ತಿ ಪಾಲಿಗಿಂತ ನಾಳೆ ಹೊಲಕ್ಕೆ ಬರುವ ಎರಡು ಎಕರೆಯ ನೀರು ದೊಡ್ಡದು.

ನೀರಿನ ಜಗಳದ ಬಗ್ಗೆ ಡಂಬಳಕ್ಕೆ ಹಳೆಯ ನೆನಪೊಂದು ಇರಬೇಕು. ಒಂದು ಕಾಲಕ್ಕೆ ಧರ್ಮವೊಳಲು ಎನಿಸಿಕೊಂಡಿದ್ದ ಈ ಊರಲ್ಲಿ ಬುದ್ಧವಿಹಾರವಿತ್ತು, ತಾರಾದೇವಿಯ ಗುಡಿಯಿತ್ತು. 1095ರ ಶಾಸನ ಅದನ್ನು ಹೇಳುತ್ತದೆ. ಬುದ್ಧ ಮನೆ ಬಿಟ್ಟದ್ದು ಮುದುಕನನ್ನೂ ಹೆಣವನ್ನೂ ನೋಡಿ ಎಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. 1957ರಲ್ಲಿ ಹೊರಬಂದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅವರು ಬೇರೆ ಕಾರಣ ಹೇಳಿದ್ದಾರೆ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರೂ ಕೋಲಿಯರೂ ಹೊಡೆದಾಟಕ್ಕೆ ನಿಂತಾಗ ಸಿದ್ಧಾರ್ಥ ಯುದ್ಧ ಬೇಡವೆಂದ, ತನ್ನ ಸಂಘದ ಬಹುಮತಕ್ಕೆ ಎದುರು ನಿಂತ, ಅದಕ್ಕಾಗಿ ಮನೆ ಬಿಟ್ಟ. ನೀರಿನ ಹಂಚಿಕೆಯಿಂದಲೇ ಧಮ್ಮದ ದಾರಿ ಶುರುವಾಗಿದೆ. ದೊಡ್ಡಬಸಪ್ಪನ ಗುಡಿಯ ಕಲ್ಲು ನೋಡಲು ಬರುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಹುಡುಗರಿಗೆ ನಾವಾದರೂ ಹೇಳಬೇಕು.

ಕೂಡಿ ನಿಲ್ಲುವುದು ಈ ನೆಲಕ್ಕೆ ಹೊಸದಲ್ಲ. 2011ರಲ್ಲಿ ಹಳ್ಳಿಗುಡಿ ಸುತ್ತಿನ 3,382 ಎಕರೆಯ ಮೇಲೆ ಪೋಸ್ಕೋ ಉಕ್ಕಿನ ಕಾರ್ಖಾನೆಯ ಕಣ್ಣು ಬಿತ್ತು. ರೈತರು ಎದ್ದರು, ಡಂಬಳ-ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಬೀದಿಗಿಳಿದರು, ಸರಕಾರ ಹಿಂದೆ ಸರಿಯಿತು. 1980ರ ಜುಲೈ 21ರಂದು ನರಗುಂದದಲ್ಲಿ, ಬಾರದ ನೀರಿಗೂ ಬೆಟರ್‌ಮೆಂಟ್ ಲೆವಿ ಕೇಳಿದ ಸರಕಾರದ ಎದುರು ರೈತರು ಎದೆಯೊಡ್ಡಿದರು, ಗುಂಡು ತಿಂದರು. ಆ ಹೋರಾಟಕ್ಕೆ ನಮ್ಮ ಗೌರವವಿದೆ. ಆದರೆ ಅಂದಿನಿಂದ ಇಂದಿನವರೆಗೆ ರೈತ ಸಂಘಟನೆಗಳ ಹಕ್ಕೊತ್ತಾಯದ ಪಟ್ಟಿಯಲ್ಲಿ ಬೆಲೆ ಇದೆ, ಸಾಲ ಇದೆ, ಕರೆಂಟು ಇದೆ. ಕೂಲಿಯವಳ ನೀರಿನ ಪಾಲು ಎಲ್ಲಿದೆ? ಹೊಲ ಉಳಿಸಿಕೊಳ್ಳಲು ಒಂದಾದ ಊರು, ನೀರು ಹಂಚಿಕೊಳ್ಳುವಾಗ ಯಾಕೆ ಕೇರಿಯನ್ನು ಮರೆಯುತ್ತದೆ?

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ನೀರು ಬಳಕೆದಾರರ ಸಂಘದ ಸದಸ್ಯತ್ವ ಉತಾರದಿಂದ ಬಿಡುಗಡೆಯಾಗಲಿ. ಊರಿನ ಪ್ರತಿ ವಯಸ್ಕ, ಗಂಡು ಹೆಣ್ಣೆನ್ನದೆ, ಸದಸ್ಯರಾಗಲಿ. ಸಾರ್ವಜನಿಕ ಹಣದಿಂದ ಬಂದ ನೀರು ತಲೆಯ ಲೆಕ್ಕದಲ್ಲಿ ಪಾಲಾಗಲಿ, ಮಾರಾಟವಾಗದಿರಲಿ. ಭೂಹೀನರ ಗುಂಪು ಕೂಡಿ ಹಿಡಿದ ಲಾವಣಿಗೆ ಬರವಣಿಗೆಯ ರಕ್ಷಣೆ, ಬೆಳೆ ವಿಮೆ, ಬ್ಯಾಂಕ್ ಸಾಲ ಸಿಗಲಿ. ಮಂಜೂರಾದ ದಲಿತ ಜಮೀನುಗಳಿಗೆ ಮೊದಲ ಸರದಿ. ಕಬ್ಬಿಗೆ ಕಡಿವಾಣ, ಜೋಳ-ಕಡಲಿಗೆ ನೀರು. ತೂಬಿನ ಲೆಕ್ಕ ತಿಂಗಳಿಗೊಮ್ಮೆ ಗ್ರಾಮಸಭೆಯಲ್ಲಿ, ಎಲ್ಲರ ಮುಂದೆ, ಗಟ್ಟಿಯಾಗಿ ಓದಲಿ.

ಇದನ್ನು ಯಾರೂ ತಟ್ಟೆಯಲ್ಲಿಟ್ಟು ಕೊಡುವುದಿಲ್ಲ. ವಿದ್ಯಾರ್ಥಿಗಳು ಮಾಹಿತಿ ಹಕ್ಕಿನ ಅರ್ಜಿ ಹಾಕಿ ತಮ್ಮೂರಿನ ಸಂಘದ ಸದಸ್ಯರ ಪಟ್ಟಿ ತರಲಿ, ಅದರಲ್ಲಿ ಕೇರಿಯ ಹೆಸರು ಎಷ್ಟಿವೆ ಎಂದು ಎಣಿಸಲಿ. ಮಾಸ್ತರರು ಆ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಲಿ. ಕಾರ್ಯಕರ್ತರು ಆ ಪಟ್ಟಿ ಹಿಡಿದು ಮುಂದಿನ ಗ್ರಾಮಸಭೆಗೆ ಕೇರಿಯ ಹೆಂಗಸರನ್ನು ಮುಂದಿಟ್ಟುಕೊಂಡು ಹೋಗಲಿ. ಒಂದೇ ಪ್ರಶ್ನೆ ಸಾಕು: ಈ ನೀರಾಗ ನಮ್ಮ ಪಾಲು ಎಷ್ಟು?